ಊರಿಂದ ಊರಿಗೆ ಲೈನ್: ಮಲೆನಾಡಿನ ವ್ಯವಹಾರಕ್ಕೆ ಯಾವ ವ್ಯಾನ್ ಸರಿ?

ಚಿಕ್ಕಮಗಳೂರಲ್ಲಿ ಹೆಡ್ ಆಫೀಸು, ಆಲ್ದೂರು ಕಡೆ ಎಸ್ಟೇಟ್, ಕಡೂರಲ್ಲಿ ಗೋಡೌನ್, ಹಾಸನದಲ್ಲಿ ಅಂಗಡಿ. ಕಾಫಿಪುಡಿ, ಮೆಣಸು, ಗೊಬ್ಬರ ಅಂತ ವ್ಯಾಪಾರ ಮಾಡುವ ನಮ್ಮ ಕಡೆಯ ಮನೆತನಗಳ ವ್ಯವಹಾರ ಹೆಚ್ಚುಕಮ್ಮಿ ಹೀಗೇ ಹರಡಿಕೊಂಡಿರುತ್ತದೆ. ಲೆಕ್ಕ ಒಂದು ಕಡೆ, ಮಾಲು ಇನ್ನೊಂದು ಕಡೆ, ಗಿರಾಕಿ ಮತ್ತೊಂದು ಕಡೆ. ಒಂದೇ ಕಟ್ಟಡದೊಳಗಿನ ಕಂಪ್ಯೂಟರ್‌ಗಳನ್ನು ಜೋಡಿಸಿದರೆ ಅದು ಲ್ಯಾನ್. ಹೀಗೆ ಊರಿಂದ ಊರಿಗೆ ಜೋಡಿಸಿದರೆ ವೈಡ್ ಏರಿಯಾ ನೆಟ್‌ವರ್ಕ್, ಚಿಕ್ಕದಾಗಿ ವ್ಯಾನ್.

ನಾನು ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಈ ಜೋಡಿಸುವ ಕೆಲಸವನ್ನೇ ಮಾಡುವವಳು. ಬಂದವರೆಲ್ಲ ಮೊದಲು ಕೇಳುವುದು, "ಮೇಡಂ, ಎಷ್ಟು ಎಂಬಿಪಿಎಸ್ ಹಾಕಿಸೋಣ?" ಅಂತ. ಬೆಂಗಳೂರಿನ ಕೋರಮಂಗಲದಲ್ಲಿ ಆಫೀಸು ಇದ್ದರೆ ಅದು ಸರಿಯಾದ ಪ್ರಶ್ನೆ. ಅಲ್ಲಿ ಒಂದೇ ಬೀದಿಯಲ್ಲಿ ನಾಲ್ಕೈದು ಕಂಪನಿಯ ಫೈಬರ್ ಇರುತ್ತದೆ. ಇಲ್ಲಿ ಒಂದು ಹೋಬಳಿಗೆ ಒಂದೇ ರಸ್ತೆ, ಆ ರಸ್ತೆಯ ಪಕ್ಕದಲ್ಲಿ ಒಂದೋ ಎರಡೋ ಕೇಬಲ್. ಹಾಗಾಗಿ ಸ್ಪೀಡಿಗಿಂತ ಮೊದಲು ತಿಳಿದುಕೊಳ್ಳಬೇಕಾದ್ದು ಎರಡು ವಿಷಯ: ಲೈನ್ ಯಾವ ದಾರಿಯಲ್ಲಿ ಬರುತ್ತದೆ, ಕಟ್ಟಾದರೆ ಯಾರು ಎಷ್ಟು ಹೊತ್ತಿಗೆ ಬಂದು ಸರಿ ಮಾಡುತ್ತಾರೆ.

ಏನು ನಿಲ್ಲುತ್ತದೆ ಅಂತ ಮೊದಲು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಪ್ರತಿ ಜಾಗದ ಹೆಸರು ಬರೆಯಿರಿ. ಅದರ ಮುಂದೆ, ಲೈನ್ ಹೋದರೆ ಅಲ್ಲಿ ಯಾವ ಕೆಲಸ ನಿಲ್ಲುತ್ತದೆ, ಎಷ್ಟು ಹೊತ್ತು ತಡೆದುಕೊಳ್ಳಬಹುದು ಅಂತ ಬರೆಯಿರಿ.

ಕಡೂರಿನ ಗೋಡೌನನ್ನೇ ನೋಡಿ. ಮೆಣಸಿನ ಲೋಡ್ ಆಗಿದೆ, ಲಾರಿ ಹೊರಡಬೇಕು. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ, ಇಲ್ಲದೆ ಲಾರಿ ಗೇಟು ದಾಟುವಂತಿಲ್ಲ. ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕೂಡ ಕಡ್ಡಾಯ. ಈ ಎರಡಕ್ಕೂ ಬೇಕಾದ ಡೇಟಾ ತೀರಾ ಕಡಿಮೆ. ಒಂದು ವಾಟ್ಸಾಪ್ ಫೋಟೊ ಕಳಿಸುವಷ್ಟೂ ಇಲ್ಲ. ಆದರೆ ಆ ಹತ್ತು ನಿಮಿಷದಲ್ಲಿ ಲೈನ್ ಇರಲೇಬೇಕು. ಗೊಬ್ಬರದ ಅಂಗಡಿಯದೂ ಇದೇ ಕಥೆ. ಸಬ್ಸಿಡಿ ಗೊಬ್ಬರ ಪಿಒಎಸ್ ಮಷಿನ್‌ನಲ್ಲಿ ಆಧಾರ್ ದೃಢೀಕರಣ ಆಗಿಯೇ ಮಾರಾಟವಾಗಬೇಕು. ಮುಂಗಾರು ಶುರುವಾದ ವಾರ ಅಂಗಡಿ ಮುಂದೆ ರೈತರು ಸಾಲು ನಿಂತಿರುವಾಗ ಮಷಿನ್ ಸುತ್ತುತ್ತಾ ಕೂತರೆ ಯಾರಿಗೂ ನೆಮ್ಮದಿ ಇರುವುದಿಲ್ಲ.

ಸಿಸಿಟಿವಿ ಇದಕ್ಕೆ ಪೂರ್ತಿ ಉಲ್ಟಾ. ಒಂದು 2 ಮೆಗಾಪಿಕ್ಸೆಲ್ ಕ್ಯಾಮೆರಾ ಸುಮಾರು 2ರಿಂದ 4 ಎಂಬಿಪಿಎಸ್ ತಿನ್ನುತ್ತದೆ. ಎಂಟು ಕ್ಯಾಮೆರಾ ಸದಾ ಹೆಡ್ ಆಫೀಸಿಗೆ ಹರಿಯಬೇಕು ಅಂದರೆ ಕಡಿಮೆ ಅಂದರೂ 16 ಎಂಬಿಪಿಎಸ್ ಅಪ್‌ಲೋಡ್ ಅದಕ್ಕೇ ಮೀಸಲು. ಆದರೆ ಅದು ಅರ್ಧ ದಿನ ನಿಂತರೂ ವ್ಯಾಪಾರ ನಿಲ್ಲುವುದಿಲ್ಲ. ರೆಕಾರ್ಡಿಂಗ್ ಅಲ್ಲಲ್ಲೇ ಎನ್‌ವಿಆರ್ ಅನ್ನುವ ರೆಕಾರ್ಡರ್ ಪೆಟ್ಟಿಗೆಯಲ್ಲಿ ಇರಲಿ, ಬೇಕಾದಾಗ ಮಾತ್ರ ನೋಡಿ. ಇಷ್ಟು ಮಾಡಿದರೆ ಎಷ್ಟೋ ಕಡೆ ದೊಡ್ಡ ಲೈನಿನ ಅಗತ್ಯವೇ ಹೋಗಿಬಿಡುತ್ತದೆ.

ಎಸ್ಟೇಟಿನಲ್ಲಿ ರೈಟರ್ ಆಳುಗಳ ಹಾಜರಿ, ಹಣ್ಣಿನ ತೂಕ ಬರೆಯುತ್ತಾರೆ. ಅದು ಸಂಜೆಯೊಳಗೆ ಹೆಡ್ ಆಫೀಸು ಸೇರಿದರೆ ಸಾಕು. ಹಾಸನದ ಅಂಗಡಿಯಲ್ಲಿ ಯುಪಿಐ, ಬಿಲ್ಲಿಂಗ್ ಎರಡೂ ನಿಲ್ಲಬಾರದು.

ಲೆಕ್ಕದ ಸಾಫ್ಟ್‌ವೇರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಟ್ಯಾಲಿಯಂಥ ಸಾಫ್ಟ್‌ವೇರಿನ ಡೇಟಾ ಫೋಲ್ಡರನ್ನು ಹಂಚಿಕೊಂಡು ದೂರದ ಬ್ರಾಂಚಿನಿಂದ ನೇರವಾಗಿ ತೆರೆಯುವವರು ಇದ್ದಾರೆ. ಎಷ್ಟೇ ಸ್ಪೀಡಿನ ಲೈನ್ ಹಾಕಿಸಿದರೂ ಅದು ಎಳೆಯುತ್ತದೆ. ಕಾರಣ ಸ್ಪೀಡಲ್ಲ, ಹೋಗಿಬರುವ ಸಮಯ. ಸಾಫ್ಟ್‌ವೇರ್ ಒಂದು ರಿಪೋರ್ಟ್ ತೆರೆಯಲು ಸಾವಿರ ಸಲ ಚೂರು ಚೂರು ಡೇಟಾ ಕೇಳುತ್ತದೆ ಅಂದುಕೊಳ್ಳಿ. ಒಂದು ಸಲ ಹೋಗಿಬರಲು 40 ಮಿಲಿಸೆಕೆಂಡ್ ಹಿಡಿದರೆ ಒಟ್ಟು 40 ಸೆಕೆಂಡ್. ಆಫೀಸಿನ ಒಳಗಿನ ಕೇಬಲಿನಲ್ಲಿ ಅದೇ ಕೆಲಸಕ್ಕೆ ಒಂದು ಸೆಕೆಂಡೂ ಬೇಡ. ಪರಿಹಾರ ಸುಲಭ: ಸಾಫ್ಟ್‌ವೇರ್ ಹೆಡ್ ಆಫೀಸಿನ ಸರ್ವರ್‌ನಲ್ಲೇ ಓಡಲಿ, ಬ್ರಾಂಚಿನವರು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದರ ಪರದೆ ಮಾತ್ರ ನೋಡಲಿ. ಲೈನ್ ಬದಲಾಯಿಸುವ ಮೊದಲು ಇದನ್ನು ಬದಲಾಯಿಸಿ. ದುಡ್ಡು ಉಳಿಯುತ್ತದೆ.

ಕೇಬಲಿನ ದಾರಿ ಹಿಡಿದು ಹೋಗಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಮತ್ತು ಯಾರೂ ಮಾಡದ ಕೆಲಸವೂ ಇದೇ.

ಎರಡು ಕಂಪನಿಯ ಲೈನ್ ಹಾಕಿಸಿಕೊಂಡು "ನಮಗೆ ಬ್ಯಾಕಪ್ ಇದೆ" ಅಂತ ಧೈರ್ಯವಾಗಿರುವವರು ಬಹಳ. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಸಲ ಬಕೆಟ್ ಹಾಕಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಯಾಕೆಂದರೆ ಎರಡು ಕಂಪನಿಗಳೂ ಒಂದೇ ಚರಂಡಿ ಪಕ್ಕದಲ್ಲಿ ಕೇಬಲ್ ಎಳೆದಿರುತ್ತವೆ, ಇಲ್ಲವೇ ಒಬ್ಬರದೇ ಕೇಬಲಿನ ಬೇರೆ ಬೇರೆ ಎಳೆಗಳನ್ನು ಬಾಡಿಗೆಗೆ ಪಡೆದಿರುತ್ತವೆ. ಇನ್ನೂ ಒಂದು ಇದೆ. ಬ್ಯಾಕಪ್‌ಗೆ ಅಂತ ಇಟ್ಟ 4ಜಿ ಸಿಮ್ ಯಾವ ಟವರಿಗೆ ಸೇರುತ್ತದೋ, ಆ ಟವರಿಗೆ ಬರುವ ಫೈಬರ್ ಕೂಡ ಅದೇ ರಸ್ತೆಯದ್ದಾಗಿರಬಹುದು. ಮೊಬೈಲಿನಲ್ಲಿ ಗೆರೆ ಪೂರ್ತಿ ತೋರಿಸುತ್ತದೆ, ಇಂಟರ್ನೆಟ್ ಮಾತ್ರ ಇಲ್ಲ. ಈ ಅನುಭವ ನಿಮಗೂ ಆಗಿರುತ್ತದೆ, ಅಲ್ವಾ?

ಹಾಗಾಗಿ ಲೈನ್ ಕೊಡುವವರಿಗೆ ಕೇಳಿ: ಚಿಕ್ಕಮಗಳೂರಿಗೆ ನಿಮ್ಮ ಕೇಬಲ್ ಕಡೂರು ಕಡೆಯಿಂದ ಬರುತ್ತದೋ, ಬೇಲೂರು–ಹಾಸನ ಕಡೆಯಿಂದಲೋ? ಒಂದು ಕಡೆ ಕಟ್ಟಾದರೆ ಇನ್ನೊಂದು ಕಡೆಯಿಂದ ಬರುವಂತೆ ಎರಡೂ ಕಡೆ ಸೇರಿಸಿ ರಿಂಗ್ ಮಾಡಿದ್ದೀರಾ? ನಮ್ಮ ಆಫೀಸಿಗೆ ಕೊನೆಯ ತುಂಡು ಕಂಬದ ಮೇಲೋ, ನೆಲದೊಳಗೋ? ಸೇಲ್ಸ್‌ನವರಿಗೆ ಇದು ಗೊತ್ತಿರುವುದಿಲ್ಲ. ಕೇಬಲ್ ಎಳೆಯುವ ಹುಡುಗರಿಗೆ ಗೊತ್ತಿರುತ್ತದೆ. ಅವರಿಗೆ ಒಂದು ಕಾಫಿ ಕೊಟ್ಟು ಮಾತಾಡಿಸಿ. ಯಾವ ತಿರುವಿನಲ್ಲಿ ಪ್ರತಿ ಮಳೆಗಾಲ ಮರ ಬೀಳುತ್ತದೆ, ಯಾವ ಸೇತುವೆ ಹತ್ತಿರ ಕೇಬಲ್ ಹೊರಗೆ ನೇತಾಡುತ್ತಿದೆ, ಎಲ್ಲ ಹೇಳುತ್ತಾರೆ.

ರಿಪೇರಿ ಹೇಗೆ ನಡೆಯುತ್ತದೆ ಅಂತ ನೋಡಿದರೆ ಸಮಯದ ಲೆಕ್ಕ ತಿಳಿಯುತ್ತದೆ. ಕೇಬಲ್ ಕಟ್ಟಾದಾಗ ಒಂದು ತುದಿಯಲ್ಲಿ ಒಟಿಡಿಆರ್ ಅನ್ನುವ ಮಷಿನ್ ಹಚ್ಚುತ್ತಾರೆ. ಅದು ಬೆಳಕಿನ ಮಿಡಿತ ಕಳಿಸಿ, ಕಟ್ಟಾದ ಜಾಗದಿಂದ ವಾಪಸ್ ಬರುವ ಹೊತ್ತು ನೋಡಿ ದೂರ ಹೇಳುತ್ತದೆ. 7.4 ಕಿಲೋಮೀಟರ್ ಅಂತ ಬಂದರೆ ಅದು ಕೇಬಲಿನ ಉದ್ದ, ರಸ್ತೆಯ ಉದ್ದ ಅಲ್ಲ. ಕಂಬಕಂಬಕ್ಕೆ ಸುತ್ತಿಟ್ಟ ಹೆಚ್ಚುವರಿ ಸುರುಳಿಗಳನ್ನು ಕಳೆದು, ಟಾರ್ಚ್ ಹಿಡಿದು ಹುಡುಕಬೇಕು. ಸಿಕ್ಕಮೇಲೆ ಸ್ಪ್ಲೈಸಿಂಗ್ ಮಷಿನ್‌ನಲ್ಲಿ ಎಳೆ ಎಳೆಯಾಗಿ ಬೆಸೆಯಬೇಕು. "ಅಕ್ಕಾ, ಮಷಿನ್ ಕಡೂರಲ್ಲಿದೆ, ಬರ್ತಾ ಇದೆ" ಅನ್ನುವ ಮಾತು ಈ ಕೆಲಸದಲ್ಲಿ ಬಹಳ ಸಲ ಕೇಳುತ್ತೇವೆ. ಸಕಲೇಶಪುರ, ಆಲೂರು ಕಡೆ ಕಾಡಾನೆ ಓಡಾಡುವ ತೋಟಗಳಲ್ಲಿ ಕತ್ತಲಾದ ಮೇಲೆ ಯಾರೂ ಕಂಬದ ಹತ್ತಿರ ಹೋಗುವುದಿಲ್ಲ. ಹೋಗಲೂಬಾರದು. ಸಂಜೆ ಆರಕ್ಕೆ ಕಟ್ಟಾದರೆ ಮರುದಿನ ಬೆಳಗ್ಗೆಯೇ. ಯಾವ ಕಂಪನಿ ಎಂಥ ಕರಾರು ಬರೆದುಕೊಟ್ಟರೂ ಇದು ಬದಲಾಗುವುದಿಲ್ಲ.

ಇರುವ ಆಯ್ಕೆಗಳು

ಮಾಮೂಲಿ ಫೈಬರ್ ಬ್ರಾಡ್‌ಬ್ಯಾಂಡ್ ಅಗ್ಗ, ಮತ್ತು ಎಷ್ಟೋ ವ್ಯವಹಾರಗಳಿಗೆ ಅದೇ ಸಾಕು. ಇದು ಸಾಮಾನ್ಯವಾಗಿ ಜಿಪಾನ್ ತಂತ್ರಜ್ಞಾನದಲ್ಲಿ ನಡೆಯುತ್ತದೆ. ಒಂದು ಪೋರ್ಟಿನ ಸುಮಾರು 2.5 ಜಿಬಿಪಿಎಸ್ ಡೌನ್‌ಲೋಡ್, 1.25 ಜಿಬಿಪಿಎಸ್ ಅಪ್‌ಲೋಡನ್ನು 32 ಅಥವಾ 64 ಮನೆ, ಅಂಗಡಿಗಳು ಹಂಚಿಕೊಳ್ಳುತ್ತವೆ. ಬೆಳಗ್ಗೆ ಹನ್ನೊಂದಕ್ಕೆ ಚೆನ್ನಾಗಿರುತ್ತದೆ, ರಾತ್ರಿ ಒಂಬತ್ತಕ್ಕೆ ನಿಧಾನ. ನಿಮ್ಮ ಅಂಗಡಿ ರಾತ್ರಿ ಒಂಬತ್ತಕ್ಕೆ ಮುಚ್ಚಿರುತ್ತದೆ ಅಂದರೆ ಅದು ನಿಮ್ಮ ತೊಂದರೆಯಲ್ಲ. ಇದರ ನಿಜವಾದ ಕೊರತೆ ರಿಪೇರಿಗೆ ಲಿಖಿತ ಗಡುವು ಇಲ್ಲದಿರುವುದು.

ಲೀಸ್ಡ್ ಲೈನ್ ಅಂದರೆ ಅಪ್‌ಲೋಡ್, ಡೌನ್‌ಲೋಡ್ ಎರಡೂ ಒಂದೇ ಸ್ಪೀಡ್, ಯಾರ ಜೊತೆಗೂ ಹಂಚಿಕೆ ಇಲ್ಲ, ಜೊತೆಗೆ ತಿಂಗಳಲ್ಲಿ ಶೇಕಡಾ ಎಷ್ಟು ಹೊತ್ತು ಲೈನ್ ಇರಲೇಬೇಕು ಅಂತ ಹೇಳುವ ಎಸ್‌ಎಲ್‌ಎ ಅನ್ನುವ ಕರಾರು. ಬೆಲೆ ಬ್ರಾಡ್‌ಬ್ಯಾಂಡಿಗಿಂತ ಹಲವು ಪಟ್ಟು ಜಾಸ್ತಿ. ಎಸ್‌ಎಲ್‌ಎಯ ಶೇಕಡಾವಾರನ್ನು ಗಂಟೆಗೆ ತಿರುಗಿಸಿ ಓದಿ. 30 ದಿನದ ತಿಂಗಳಲ್ಲಿ 720 ಗಂಟೆ. 99% ಅಂದರೆ ತಿಂಗಳಿಗೆ 7 ಗಂಟೆಗೂ ಮೇಲೆ ಲೈನ್ ಇಲ್ಲದಿದ್ದರೂ ಕರಾರು ಮುರಿದಂತಲ್ಲ. 99.5% ಅಂದರೆ ಮೂರೂವರೆ ಗಂಟೆಗೆ ಸ್ವಲ್ಪ ಮೇಲೆ. 99.9% ಅಂದರೆ ಸುಮಾರು 43 ನಿಮಿಷ. ಅದರ ಕೆಳಗಿನ ಸಣ್ಣ ಅಕ್ಷರ ಇನ್ನೂ ಮುಖ್ಯ. ರಸ್ತೆ ಕಾಮಗಾರಿ, ಪ್ರಕೃತಿ ವಿಕೋಪದಿಂದ ಕಟ್ಟಾದರೆ ಲೆಕ್ಕಕ್ಕಿಲ್ಲ ಅಂತ ಬರೆದಿದ್ದರೆ, ನಮ್ಮ ಜಿಲ್ಲೆಯ ಮಳೆಗಾಲ ಪೂರ್ತಿ ಅದರಲ್ಲೇ ಬಂತು. ಕರಾರು ಮುರಿದರೂ ಸಿಗುವುದು ಬಿಲ್ಲಿನಲ್ಲಿ ಒಂದಷ್ಟು ಕಡಿತ ಮಾತ್ರ. ನಿಂತ ಲಾರಿಯ ನಷ್ಟ ಯಾರೂ ತುಂಬಿಕೊಡುವುದಿಲ್ಲ.

ಎಂಪಿಎಲ್‌ಎಸ್ ಎಂಬುದು ನಿಮ್ಮ ಬ್ರಾಂಚ್‌ಗಳನ್ನೆಲ್ಲ ಒಂದೇ ಕಂಪನಿಯ ಜಾಲದೊಳಗೆ ಪ್ರತ್ಯೇಕವಾಗಿ ಜೋಡಿಸುವ ವ್ಯವಸ್ಥೆ. ಬ್ಯಾಂಕ್ ಬ್ರಾಂಚ್‌ಗಳಲ್ಲಿ ಇದು ಹೆಚ್ಚು. ಫೋನ್ ಮಾತಿಗೆ ಮೊದಲ ಆದ್ಯತೆ, ಫೈಲಿಗೆ ಆಮೇಲೆ ಅಂತ ದರ್ಜೆ ಮಾಡಬಹುದು. ಒಳ್ಳೆಯದೇ. ಆದರೆ ಎಲ್ಲ ಬ್ರಾಂಚಿನಲ್ಲೂ ಅದೇ ಕಂಪನಿಯ ಲೈನ್ ಸಿಗಬೇಕು, ಅಥವಾ ಅವರು ಬೇರೆಯವರಿಂದ ಪಡೆದು ಕೊಡಬೇಕು. ಇನ್ನೊಂದು ವಿಷಯ ನೆನಪಿರಲಿ: ಎಂಪಿಎಲ್‌ಎಸ್‌ನಲ್ಲಿ ನಿಮ್ಮ ಡೇಟಾ ಬೇರೆಯವರ ಡೇಟಾದ ಜೊತೆ ಬೆರೆಯುವುದಿಲ್ಲ, ಆದರೆ ತಾನಾಗಿಯೇ ಗೂಢಲಿಪಿಗೂ ಬದಲಾಗುವುದಿಲ್ಲ. ಅದು ಬೇಕಿದ್ದರೆ ಮೇಲೆ ಐಪಿಸೆಕ್ ಅನ್ನುವ ಗೂಢಲಿಪಿ ವ್ಯವಸ್ಥೆ ಹಾಕಬೇಕು. ನಾಲ್ಕೈದು ಜಾಗದ ವ್ಯವಹಾರಕ್ಕೆ ನಾನು ಎಂಪಿಎಲ್‌ಎಸ್ ಹೇಳುವುದಿಲ್ಲ. ಮಾಮೂಲಿ ಇಂಟರ್ನೆಟ್ ಮೇಲೆ ಐಪಿಸೆಕ್ ಅಥವಾ ವೈರ್‌ಗಾರ್ಡ್ ವಿಪಿಎನ್, ಅಂದರೆ ಗೂಢಲಿಪಿಯಲ್ಲಿ ಓಡುವ ಖಾಸಗಿ ಜಾಲ, ಸಾಕು.

ವಿಪಿಎನ್‌ಗೆ ಒಂದು ಷರತ್ತು ಇದೆ. ಹೆಡ್ ಆಫೀಸಿನಲ್ಲಿ ಸ್ಟ್ಯಾಟಿಕ್ ಪಬ್ಲಿಕ್ ಐಪಿ, ಅಂದರೆ ಇಂಟರ್ನೆಟ್ಟಿನಲ್ಲಿ ಬದಲಾಗದ ಸ್ವಂತ ವಿಳಾಸ, ಇರಬೇಕು. 4ಜಿ ಸಿಮ್‌ನಲ್ಲಿ, ಅನೇಕ ಬ್ರಾಡ್‌ಬ್ಯಾಂಡ್‌ನಲ್ಲಿ ನಿಮಗೆ ಸ್ವಂತ ವಿಳಾಸ ಇರುವುದಿಲ್ಲ. ನೂರಾರು ಜನ ಒಂದೇ ವಿಳಾಸದ ಹಿಂದೆ ಇರುತ್ತಾರೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ರೌಟರಿನ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ, ಅಥವಾ 10ರಿಂದ ಶುರುವಾದರೆ ನೀವು ಅದರ ಹಿಂದೆ ಇದ್ದೀರಿ ಅಂತ ಅರ್ಥ. ಬ್ರಾಂಚ್‌ಗಳು ಹಾಗಿದ್ದರೆ ತೊಂದರೆ ಇಲ್ಲ, ಅವೇ ಹೆಡ್ ಆಫೀಸಿಗೆ ಕರೆ ಮಾಡುತ್ತವೆ. ಕರೆ ತೆಗೆದುಕೊಳ್ಳುವ ಕಡೆ ಮಾತ್ರ ಸ್ವಂತ ವಿಳಾಸ ಬೇಕು.

4ಜಿ, 5ಜಿ ರೌಟರ್ ಎಸ್ಟೇಟಿಗೂ ಬ್ಯಾಕಪ್ಪಿಗೂ ಒಳ್ಳೆಯ ದಾರಿ. ಸಿಮ್ ಆರಿಸುವಾಗ ಊರಿನಲ್ಲಿ ಯಾವುದು ಚೆನ್ನಾಗಿದೆ ಅಂತ ನೋಡಬೇಡಿ, ರೌಟರ್ ಕೂರುವ ಕೋಣೆಯಲ್ಲೇ ನೋಡಿ. ರೌಟರಿನ ಪರದೆಯಲ್ಲಿ ಆರ್‌ಎಸ್‌ಆರ್‌ಪಿ ಅಂತ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ತೋರಿಸುವ ಒಂದು ಅಂಕಿ ಇರುತ್ತದೆ. ಮೈನಸ್ 85 ಇದ್ದರೆ ಚೆನ್ನಾಗಿದೆ. ಮೈನಸ್ 110ಕ್ಕೆ ಇಳಿದಿದ್ದರೆ ಮಾಡಿನ ಮೇಲೆ ಆಂಟೆನಾ ಹಾಕಬೇಕು. ಕರೆಂಟು ಎರಡು ದಿನ ಇಲ್ಲದಿದ್ದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ರೇಡಿಯೊ ಲಿಂಕ್ ನಮ್ಮ ಗುಡ್ಡದ ಊರುಗಳಿಗೆ ಹೇಳಿಮಾಡಿಸಿದ್ದು, ಜಾಗ ಸರಿಯಿದ್ದರೆ. ಎಸ್ಟೇಟಿನ ಬಂಗಲೆಗೆ ಫೈಬರ್ ಬಂದಿದೆ, ಮೂರು ಕಿಲೋಮೀಟರ್ ಆಚೆ ಎದುರು ಗುಡ್ಡದಲ್ಲಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಹೌಸು, ಕಣ ಇದೆ ಅಂದುಕೊಳ್ಳಿ. ಎರಡೂ ಕಡೆ ಡಿಶ್ ಆಂಟೆನಾ ಇಟ್ಟರೆ ತಿಂಗಳ ಬಾಡಿಗೆ ಇಲ್ಲದ ಲೈನ್. 2018ರಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಜ್ ಪಟ್ಟಿಯ ಹೆಚ್ಚಿನ ಭಾಗವನ್ನು ಲೈಸೆನ್ಸ್ ಇಲ್ಲದೆ ಹೊರಗಡೆಯೂ ಬಳಸಲು ಬಿಟ್ಟಿದೆ. ಶಕ್ತಿಯ ಮಿತಿ ಮೀರಬಾರದು, ಅಷ್ಟೆ. ಒಂದು ತುದಿ ಇನ್ನೊಂದಕ್ಕೆ ಕಣ್ಣಿಗೆ ಕಂಡರೆ ಸಾಲದು. ರೇಡಿಯೊ ಅಲೆಗೆ ಆ ಗೆರೆಯ ಸುತ್ತಲೂ ಜಾಗ ಬೇಕು. 5.8 ಗಿಗಾಹರ್ಟ್ಜ್‌ನಲ್ಲಿ ಮೂರು ಕಿಲೋಮೀಟರ್ ಲಿಂಕಿನ ನಡುಮಧ್ಯದಲ್ಲಿ ಆ ಜಾಗದ ತ್ರಿಜ್ಯ 6 ಮೀಟರಿಗೆ ಸ್ವಲ್ಪ ಮೇಲೆ. ಅದರಲ್ಲಿ ನೂರಕ್ಕೆ ಅರವತ್ತು ಭಾಗ, ಅಂದರೆ ಹತ್ತಿರ ಹತ್ತಿರ 4 ಮೀಟರ್, ಖಾಲಿ ಇರಲೇಬೇಕು.

ಇಲ್ಲೇ ಸಿಲ್ವರ್ ಓಕ್ ಬರುತ್ತದೆ. ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿಗೆ ಅಂತ ನೆಟ್ಟ ಈ ಮರ ಬೇಗ ಎತ್ತರ ಹೋಗುತ್ತದೆ. ಜನವರಿಯಲ್ಲಿ ಲಿಂಕ್ ಹಾಕಿದಾಗ ಎಲ್ಲ ಚೆನ್ನಾಗಿರುತ್ತದೆ. ಒಂದೆರಡು ವರ್ಷಕ್ಕೆ ತುದಿ ಅಡ್ಡ ಬರುತ್ತದೆ, ಜುಲೈ ಮಳೆಯಲ್ಲಿ ಲಿಂಕ್ ಬೀಳುತ್ತದೆ. ಜನ ಮಳೆಯನ್ನು ಬೈಯುತ್ತಾರೆ. 5 ಗಿಗಾಹರ್ಟ್ಜ್‌ಗೆ ಇಷ್ಟು ದೂರದಲ್ಲಿ ಮಳೆ ಹನಿ ಅಷ್ಟೇನೂ ಅಡ್ಡಿಯಲ್ಲ, ತೊಯ್ದ ಎಲೆ ಅಡ್ಡಿ. ಹಾಗಾಗಿ ಕಂಬವನ್ನು ಇವತ್ತಿನ ಮರಕ್ಕಲ್ಲ, ಇನ್ನೈದು ವರ್ಷದ ಮರಕ್ಕೆ ತಕ್ಕಷ್ಟು ಎತ್ತರ ಹಾಕಿಸಿ. ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ, ಮಾಡಿಸುವಾಗ ಆ ಸಾಲನ್ನು ಮರೆಯದೆ ಹೇಳಿ.

ಯಾವ ದಾರಿಯೂ ಇಲ್ಲದ ಕಡೆ ವಿಸ್ಯಾಟ್, ಅಂದರೆ ಉಪಗ್ರಹದ ಲೈನ್. ಇದಕ್ಕೆ ಬಳಸುವ, ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳ ಬಗ್ಗೆ ಹಾಸನದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಸ್ರೋದ ಇಂಥ ಉಪಗ್ರಹಗಳನ್ನು ನಿಯಂತ್ರಿಸುವ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) 1982ರಿಂದ ಅಲ್ಲೇ ಇದೆ. ಅವು ಸುಮಾರು 36,000 ಕಿಲೋಮೀಟರ್ ಮೇಲೆ ಇರುತ್ತವೆ. ನಿಮ್ಮ ಸಂದೇಶ ಮೇಲೆ ಹೋಗಿ ಕೆಳಗೆ ಬರಲು 72,000 ಕಿಲೋಮೀಟರ್, ಬೆಳಕಿನ ವೇಗದಲ್ಲೂ ಕಾಲು ಸೆಕೆಂಡಿನ ಹತ್ತಿರ. ಉತ್ತರ ವಾಪಸ್ ಬರಲು ಇನ್ನೊಂದು ಕಾಲು ಸೆಕೆಂಡ್. ಇ-ವೇ ಬಿಲ್ಲಿಗೆ, ಹಾಜರಿಗೆ ಪರವಾಗಿಲ್ಲ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಟೈಪ್ ಮಾಡುವವರಿಗೆ ಹಿಂಸೆ. ಕೆಯು ಬ್ಯಾಂಡ್ ಅನ್ನುವ ರೇಡಿಯೊ ಪಟ್ಟಿಯ ಡಿಶ್ ಆದರೆ ಜೋರು ಮಳೆಯಲ್ಲಿ ಸಿಗ್ನಲ್ ಸೋರುತ್ತದೆ.

ಎಸ್‌ಡಿ-ವ್ಯಾನ್ ಅಂತ ಈಗ ಎಲ್ಲರೂ ಮಾರುತ್ತಾರೆ. ಅದು ಲೈನ್ ಅಲ್ಲ. ಇರುವ ಎರಡು-ಮೂರು ಲೈನ್‌ಗಳನ್ನು ಸದಾ ಅಳೆಯುತ್ತಾ, ಯಾವ ಕೆಲಸ ಯಾವ ಲೈನಿನಲ್ಲಿ ಹೋಗಬೇಕು ಅಂತ ತೀರ್ಮಾನಿಸುವ ಪೆಟ್ಟಿಗೆ, ಮತ್ತು ಎಲ್ಲ ಪೆಟ್ಟಿಗೆಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್. ಇಪ್ಪತ್ತು ಬ್ರಾಂಚ್ ಇದ್ದರೆ ಬಹಳ ಉಪಯೋಗ. ನಾಲ್ಕು ಜಾಗಕ್ಕೆ ಎರಡು ವ್ಯಾನ್ ಪೋರ್ಟ್ ಇರುವ ಒಳ್ಳೆಯ ರೌಟರ್ ಸಾಕು. ಒಂದೇ ಲೈನ್ ಇರುವ ಕಡೆ ಎಸ್‌ಡಿ-ವ್ಯಾನ್ ಹಾಕಿಸಿದರೆ ದುಡ್ಡು ಸುಮ್ನೆ ಹೋಯಿತು.

ಹಾಗಾದರೆ ಆ ನಾಲ್ಕು ಜಾಗಕ್ಕೆ?

ಹೆಡ್ ಆಫೀಸಿಗೆ ಒಂದು ಸಣ್ಣ ಲೀಸ್ಡ್ ಲೈನ್, 20 ಎಂಬಿಪಿಎಸ್ ಇದ್ದರೂ ಸಾಕು, ಸ್ಟ್ಯಾಟಿಕ್ ಐಪಿ ಜೊತೆಗೆ. ಸರ್ವರ್ ಇರುವುದು ಅಲ್ಲೇ, ಎಲ್ಲರೂ ಬರುವುದು ಅಲ್ಲಿಗೇ. ಪಕ್ಕದಲ್ಲಿ ಬೇರೆ ದಾರಿಯಿಂದ ಬರುವ ಬ್ರಾಡ್‌ಬ್ಯಾಂಡ್, ಅದಕ್ಕೂ ಸ್ಟ್ಯಾಟಿಕ್ ಐಪಿ. ಇಲ್ಲದಿದ್ದರೆ ಮೊದಲ ಲೈನ್ ಹೋದಾಗ ಬ್ರಾಂಚ್‌ಗಳು ಕರೆ ಮಾಡುವುದು ಎಲ್ಲಿಗೆ? ಕಡೂರಿಗೆ ಬ್ರಾಡ್‌ಬ್ಯಾಂಡ್ ಮತ್ತು 4ಜಿ. ಹಾಸನದ ಅಂಗಡಿಗೂ ಹಾಗೇ. ಎಸ್ಟೇಟಿಗೆ ಪಂಚಾಯಿತಿವರೆಗೆ ಸರ್ಕಾರದ ಭಾರತ್‌ನೆಟ್ ಯೋಜನೆಯ ಫೈಬರ್ ಬಂದಿದೆಯಾ, ಅಲ್ಲಿಂದ ಯಾರಾದರೂ ಲೈನ್ ಕೊಡುತ್ತಾರಾ ಅಂತ ವಿಚಾರಿಸಿ. ಇಲ್ಲದಿದ್ದರೆ ಹೊರಗಿನ ಆಂಟೆನಾ ಹಾಕಿದ 4ಜಿ ಒಂದೇ ಸಾಕು. ಸಂಜೆಯೊಳಗೆ ಲೆಕ್ಕ ಸೇರಿದರೆ ಆಯಿತಲ್ಲ. ಕ್ಯೂರಿಂಗ್ ವರ್ಕ್ಸ್ ಅಥವಾ ಹೋಮ್‌ಸ್ಟೇ ನಡೆಸುವವರು ಇದೇ ಹಾಳೆ ಬರೆದರೆ ಉತ್ತರ ಬೇರೆ ಬರುತ್ತದೆ. ಬರೆಯುವ ಕ್ರಮ ಮಾತ್ರ ಇದೇ.

ಹಾಸನ, ಚಿಕ್ಕಮಗಳೂರಿನ ನಡುವೆ ಅರವತ್ತು ಕಿಲೋಮೀಟರ್ ಅಷ್ಟೆ, ಲೈನ್ ಯಾಕೆ ನಿಧಾನ ಅಂತ ಕೆಲವರು ಕೇಳುತ್ತಾರೆ. ಎರಡೂ ಕಡೆ ಬೇರೆ ಬೇರೆ ಕಂಪನಿ ಇದ್ದರೆ ಡೇಟಾ ಸಾಮಾನ್ಯವಾಗಿ ಬೆಂಗಳೂರು, ಚೆನ್ನೈ ಅಥವಾ ಮುಂಬೈಗೆ ಹೋಗಿ ಅಲ್ಲಿ ಕೈ ಬದಲಾಗಿ ವಾಪಸ್ ಬರುತ್ತದೆ. ಹೆಡ್ ಆಫೀಸಿನ ಒಂದು ಲೈನ್ ಮತ್ತು ಹಾಸನದ ಮುಖ್ಯ ಲೈನ್ ಒಂದೇ ಕಂಪನಿಯದಾದರೆ ಈ ಸುತ್ತು ಎಷ್ಟೋ ಸಲ ಕಡಿಮೆಯಾಗುತ್ತದೆ.

ಕರೆಂಟು, ಸಿಡಿಲು

ಫೈಬರ್ ಬಾಕ್ಸ್ ಮತ್ತು ರೌಟರ್ ಸೇರಿ ಸುಮಾರು 25 ವ್ಯಾಟ್ ಎಳೆಯುತ್ತವೆ. 150 ಎಎಚ್ ಇನ್ವರ್ಟರ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ, ಇವೆರಡಕ್ಕೇ ಮೀಸಲಿಟ್ಟರೆ ಲೆಕ್ಕದ ಪ್ರಕಾರ 36 ಗಂಟೆ ಬರುತ್ತದೆ. ಇನ್ವರ್ಟರ್ ತಾನೇ ತಿನ್ನುವುದನ್ನು ಕಳೆದರೂ ಒಂದು ರಾತ್ರಿ ಆರಾಮ. ಫ್ಯಾನು, ಪ್ರಿಂಟರ್ ಅದೇ ಲೈನಿಗೆ ಹಾಕಬೇಡಿ.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಇನ್ನೂ ಅಪಾಯ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ಒಂದು ಸಿಡಿಲಿಗೆ ಎರಡೂ ಕಡೆಯ ನೆಟ್‌ವರ್ಕ್ ಸ್ವಿಚ್ ಸುಟ್ಟುಹೋಗಬಹುದು. ಆ ಕೇಬಲ್ ಹೇಗೂ 100 ಮೀಟರಿಗಿಂತ ಹೆಚ್ಚು ಓಡುವುದಿಲ್ಲ. ಕಟ್ಟಡಗಳ ನಡುವೆ ಲೋಹದ ತಂತಿ ಇಲ್ಲದ ಫೈಬರ್ ಹಾಕಿ, ಎರಡು ತುದಿಗೆ ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಇಡಿ. ಮಾಡಿನ ಮೇಲಿನ ಆಂಟೆನಾ ಕಂಬಕ್ಕೆ ಸರಿಯಾದ ಅರ್ತಿಂಗ್ ಮಾಡಿಸಿ.

ಸಹಿ ಹಾಕುವ ಮೊದಲು

ಲೀಸ್ಡ್ ಲೈನಿಗೆ ಫೀಸಿಬಿಲಿಟಿ ಸರ್ವೆ, ಅಂದರೆ ನಿಮ್ಮ ಜಾಗಕ್ಕೆ ಲೈನ್ ಬರಬಹುದಾ ಅನ್ನುವ ಪರಿಶೀಲನೆ, ಮಾಡಿಸಿ, ಲಾಸ್ಟ್ ಮೈಲ್ (ನಿಮ್ಮ ಆಫೀಸಿಗೆ ಬರುವ ಕೊನೆಯ ತುಂಡು) ಫೈಬರೋ ರೇಡಿಯೊವೋ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಲೈನ್ ಬರಲು ವಾರಗಟ್ಟಲೆ ಹಿಡಿಯುತ್ತದೆ. ನವೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾಗುವಾಗ ಬೇಕಿದ್ದರೆ ಆಗಸ್ಟ್‌ನಲ್ಲೇ ಅರ್ಜಿ ಕೊಡಿ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ, ಅದರ ಮೇಲಿನ 18% ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆಯೇ ಅಂತ ಆಡಿಟರ್ ಹತ್ತಿರ ಕೇಳಿ.

ಎಲ್ಲ ಹಾಕಿಸಿ ಆದಮೇಲೆ, ಕೆಲಸ ಕಡಿಮೆ ಇರುವ ಒಂದು ಮಧ್ಯಾಹ್ನ ಮುಖ್ಯ ಲೈನಿನ ಕೇಬಲನ್ನು ಕೈಯಾರೆ ಕಿತ್ತು ನೋಡಿ. ಬ್ಯಾಕಪ್ ಎಷ್ಟು ಹೊತ್ತಿಗೆ ಎದ್ದಿತು, ಹಾಸನದ ಬಿಲ್ಲಿಂಗ್ ತಾನಾಗಿ ವಾಪಸ್ ಬಂತಾ, ಯುಪಿಐ ಸೌಂಡ್‌ಬಾಕ್ಸ್ ಮಾತಾಡಿತಾ, ಗಮನಿಸಿ. ಮೇನ್ ಸ್ವಿಚ್ ಇಳಿಸಿ ಇನ್ವರ್ಟರ್ ಕೂಡ ಪರೀಕ್ಷಿಸಿ. ಇದನ್ನು ವರ್ಷಕ್ಕೆ ಒಮ್ಮೆ, ಮೇ ಕೊನೆಯೊಳಗೆ ಮಾಡಿ. ಪ್ರತಿ ಲೈನಿಗೆ ಕಂಪನಿ ಕೊಟ್ಟ ಗುರುತಿನ ನಂಬರ್ (ಸರ್ಕ್ಯೂಟ್ ಐಡಿ), ದೂರು ಕೊಡುವ ನಂಬರ್, ಆ ಏರಿಯಾದ ಲೈನ್‌ಮನ್ ನಂಬರ್ ಒಂದು ಚೀಟಿಯಲ್ಲಿ ಬರೆದು ರೌಟರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿ. ಲೈನ್ ಹೋದ ದಿನ ಗೋಡೌನಿನಲ್ಲಿ ಇರುವುದು ನೀವಲ್ಲ, ನಿಮ್ಮ ಹುಡುಗರು. ಅವರಿಗೆ ಓದಲು ಬರುವಂತೆ ಕನ್ನಡದಲ್ಲೇ ಬರೆಯಿರಿ.